ವಾಯಿದೆಯ ಸಂದಿನಲ್ಲಿ: ಚೆಕ್ಕಿನ ಮೋಸ ಮತ್ತು ದರದ ಆಟ

ನಿಪ್ಪಾಣಿಯಿಂದ ಕರಾಡಕ್ಕೆ ಎರಡು ತಾಸಿನ ದಾರಿ. ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಕೊಲ್ಹಾಪುರ ದಾಟಿದರೆ ಎರಡೂ ಬದಿಗೆ ಕಬ್ಬು. ಕೃಷ್ಣೆ ಮತ್ತು ಕೊಯ್ನಾ ಕೂಡುವಲ್ಲಿ ಕರಾಡ. ಆ ಊರಿನ ಹೆಸರು ಹೊತ್ತ ಸಣ್ಣ ಬ್ಯಾಂಕೊಂದಿತ್ತು, ಬ್ಯಾಂಕ್ ಆಫ್ ಕರಾಡ್. 1992ರ ಮೇ ತಿಂಗಳಲ್ಲಿ ಅದು ಮುಳುಗಿತು. ಮಳೆ ಕೈಕೊಟ್ಟು ಬೆಳೆಸಾಲ ತಿರುಗಿ ಬರದೆ ಮುಳುಗಿದ್ದಲ್ಲ. ಮುಂಬಯಿಯ ದಲಾಲರಿಗಾಗಿ ಅದು ಬರೆದುಕೊಟ್ಟ ರಸೀದಿಗಳ ಹಿಂದೆ ಇರಬೇಕಾಗಿದ್ದ ಸರ್ಕಾರಿ ಸಾಲಪತ್ರಗಳು ಇರಲೇ ಇಲ್ಲ. ಕಬ್ಬಿನ ಊರಿನ ಬ್ಯಾಂಕೊಂದರ ಖಾಲಿ ರಸೀದಿ ದೊಡ್ಡ ವಿದೇಶಿ ಬ್ಯಾಂಕುಗಳ ಕೋಟಿಗಟ್ಟಲೆ ಹಣವನ್ನು ಎಳೆದು ತಂದಿತ್ತು. ಆ ಹಣ ಹೋಗಿ ಸೇರಿದ್ದು ಷೇರುಪೇಟೆಯನ್ನು.

ಇಲ್ಲಿಂದಲೇ ಒಂದು ಹಳೆಯ ಚರ್ಚೆಯನ್ನು ಬಿಡಿಸಬಹುದು. ಚೆಕ್ಕು, ರಸೀದಿ, ಡಿಮಾಂಡ್ ಡ್ರಾಫ್ಟುಗಳಲ್ಲಿ ನಡೆಯುವ ಮೋಸವನ್ನು ನಾವು ಬ್ಯಾಂಕಿನ ಅಪರಾಧ ಎನ್ನುತ್ತೇವೆ. ಷೇರಿನ ಅಥವಾ ಸರಕಿನ ದರವನ್ನು ಬೇಕಂತಲೇ ಏರಿಸಿ ಇಳಿಸುವುದನ್ನು ಪೇಟೆಯ ಅಪರಾಧ ಎನ್ನುತ್ತೇವೆ. ಎರಡಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಾವಲುಗಾರರು. ಇವು ನಿಜಕ್ಕೂ ಎರಡೋ, ಒಂದೇ ರೋಗದ ಎರಡು ಮುಖವೋ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ದಲಾಲ್ ಸ್ಟ್ರೀಟಿನಲ್ಲಿ ಕಾಣುವುದಕ್ಕಿಂತ ಬೇರೆಯಾಗಿ ಕಾಣುತ್ತದೆ. ಇಲ್ಲಿ ಷೇರು ಕೊಳ್ಳುವವರಿಗಿಂತ ಕಬ್ಬು, ತಂಬಾಕು, ಅರಿಶಿನ ಮಾರುವವರು ಹೆಚ್ಚು. ಆದರೂ ದರ ಕಟ್ಟುವವರು ಯಾರು, ದುಡ್ಡು ಕೈಗೆ ಬರುವುದು ಯಾವಾಗ ಎಂಬ ಎರಡು ಮಾತು ಇಲ್ಲಿ ಒಂದೇ ಉಸಿರಿನಲ್ಲಿ ಹೊರಡುತ್ತವೆ.

ಒಂದೇ ಅಧ್ಯಾಯದಲ್ಲಿ

ಹಳಬರು ಇವೆರಡನ್ನೂ ಬೇರೆ ಮಾಡಿರಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ಸಾಹಸ ಪ್ರಕರಣದಲ್ಲಿ ಖೊಟ್ಟಿ ತಕ್ಕಡಿ, ಖೊಟ್ಟಿ ಶಾಸನಪತ್ರ, ಖೊಟ್ಟಿ ನಾಣ್ಯ ಮಾಡುವವನಿಗೆ ಅತಿ ದೊಡ್ಡ ದಂಡ ಹೇಳಿದೆ. ಕೆಲವು ಶ್ಲೋಕಗಳ ಆಚೆ, ಪೇಟೆಯ ಏರಿಳಿತ ಗೊತ್ತಿದ್ದೂ ಕೂಡಿಕೊಂಡು ಕುಶಲಕರ್ಮಿಗಳನ್ನು ಹಿಂಡುವಂಥ ದರ ಕಟ್ಟುವ ವರ್ತಕರಿಗೂ ಅದೇ ದಂಡ. ಸುಳ್ಳು ಕಾಗದ, ಸುಳ್ಳು ತೂಕ, ಸುಳ್ಳು ದರ ಮೂರೂ ಒಂದೇ ಅಧ್ಯಾಯದ ಅಪರಾಧಗಳು.

ಹುಂಡಿಯ ಕಾಲದಲ್ಲೂ ಈ ಬೆಸುಗೆ ಉಳಿದಿತ್ತು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ವಾಯಿದೆ ಮುಗಿದ ಮೇಲೆ ಕೊಡುವುದು ಮುದ್ದತಿ ಹುಂಡಿ. ವಾಯಿದೆ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕೊಟ್ಟ ಮಾತಿಗೂ ಕೈಗೆ ಬರುವ ಕಾಸಿಗೂ ನಡುವಿನ ಅವಧಿ ಅದು. ನಾನು ಕಂಡ ಮಟ್ಟಿಗೆ ಈ ಸಮೀಕ್ಷೆಯ ಎಲ್ಲ ಮೋಸಗಳೂ ಆ ಸಂದಿನಲ್ಲೇ ಮನೆ ಮಾಡಿಕೊಂಡಿವೆ.

ಸಂದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಮೊದಲ ದೊಡ್ಡ ಸಾಕ್ಷಿ 1865. ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತು, ಮುಂಬಯಿಯಿಂದ ಹೋಗುವ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ 'ಧಾರವಾಡ ಅಮೆರಿಕನ್' ತಳಿಯ ಹತ್ತಿಯೂ ಆ ಓಟದಲ್ಲಿ ಇತ್ತು. ಹತ್ತಿಯಿಂದ ಬಂದ ಹಣ ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯಂಥವುಗಳ ಷೇರಿಗೆ ಸುರಿಯಿತು. ಪ್ರೇಮಚಂದ್ ರಾಯಚಂದ್ ಎಂಬ ದಲಾಲನ ಮಾತೇ ಬ್ಯಾಂಕ್ ಆಫ್ ಬಾಂಬೆಗೆ ಜಾಮೀನಾಯಿತು. ಬ್ಯಾಂಕು ಷೇರುಗಳನ್ನೇ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟಿತು. ಏಪ್ರಿಲಿನಲ್ಲಿ ಯುದ್ಧ ನಿಂತಿತು. ವಾಯಿದೆ ಸವದಾಗಳೆಲ್ಲ ಚುಕ್ತಾ ಆಗಬೇಕಿದ್ದ 1865ರ ಜುಲೈ 1ರಂದು ಕೊಡಲು ಯಾರ ಕೈಯಲ್ಲೂ ದುಡ್ಡಿರಲಿಲ್ಲ. 1868ರಲ್ಲಿ ಆ ಬ್ಯಾಂಕನ್ನು ಮುಚ್ಚಬೇಕಾಯಿತು.

ಆಮೇಲೆ ಬಂದ ಕಾನೂನುಗಳು ಈ ಬೆಸುಗೆಯನ್ನು ಬಿಡಿಸಿದವು. ಚೆಕ್ಕು ಮತ್ತು ಹುಂಡಿಗೆ 1881ರ ಕಾಯ್ದೆ, ಸರಕಿನ ವಾಯಿದೆ ವ್ಯಾಪಾರಕ್ಕೆ 1952ರದ್ದು, ಷೇರಿನ ಕರಾರುಗಳಿಗೆ 1956ರದ್ದು. ಆಡಳಿತಕ್ಕೆ ಅನುಕೂಲವಾಯಿತು ನಿಜ. ಆದರೆ ಒಂದು ಮನೆಯ ಬಾಗಿಲು ಕಾಯುವವನಿಗೆ ಪಕ್ಕದ ಮನೆಯ ಹಿತ್ತಲು ಕಾಣದ ಹಾಗಾಯಿತು.

1992: ಯಂತ್ರವನ್ನು ಬಿಚ್ಚಿದಾಗ

ಷೇರು ದಲಾಲ ಹರ್ಷದ್ ಮೆಹ್ತಾನ ಕತೆ ಎಲ್ಲರಿಗೂ ಗೊತ್ತು ಎನ್ನುತ್ತೇವೆ, ಅದರ ಯಂತ್ರ ಗೊತ್ತಿರುವವರು ಕಡಿಮೆ. ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಲೇಬೇಕು. ಆಗ ಆ ಪಾಲು ಶೇ. 38.5ರವರೆಗೆ ಇತ್ತು. ಲೆಕ್ಕ ಕೊಡುವ ದಿನ ಕಡಿಮೆ ಬಿದ್ದ ಬ್ಯಾಂಕು ಹೆಚ್ಚಿರುವ ಬ್ಯಾಂಕಿನಿಂದ ಕೆಲವು ದಿನದ ಮಟ್ಟಿಗೆ ಸಾಲಪತ್ರ ಕೊಂಡು, ಮುಂದಿನ ದರಕ್ಕೆ ತಿರುಗಿ ಮಾರುತ್ತಿತ್ತು. ಹೊರಗೆ ಇದು ಖರೀದಿ, ಒಳಗೆ ಕೈಗಡ. ಸಾಲಪತ್ರ ಕೈ ಬದಲಾಗುವುದು ನಿಧಾನವೆಂದು 'ಬ್ಯಾಂಕ್ ರಸೀದಿ' ಎಂಬ ಚೀಟಿ ಕೊಡುವ ರೂಢಿ ಬಂತು. ನಡುವೆ ದಲಾಲ.

ಅಕೌಂಟ್ ಪೇಯಿ ಎಂದು ಗೀಟು ಎಳೆದ ಚೆಕ್ಕು ಒಂದು ಬ್ಯಾಂಕಿನ ಹೆಸರಿನಲ್ಲಿ ಇದ್ದರೆ ಹಣ ಆ ಬ್ಯಾಂಕಿಗೇ ಸೇರಬೇಕು. ಇಲ್ಲಿ ಮಾತ್ರ ಅದು ದಲಾಲನ ಖಾತೆಗೆ ಜಮಾ ಆಗುತ್ತಿತ್ತು. ನ್ಯಾಷನಲ್ ಹೌಸಿಂಗ್ ಬ್ಯಾಂಕು ಎಎನ್‌ಜೆಡ್ ಗ್ರಿಂಡ್ಲೇಸ್ ಹೆಸರಿಗೆ ಬರೆದ ಚೆಕ್ಕುಗಳು ಮೆಹ್ತಾನ ಖಾತೆಗೆ ಹೋದವು. 'ಪೇಟೆಯ ರೂಢಿಯೇ ಹೀಗೆ' ಎಂಬ ಸಮಜಾಯಿಷಿ ಆಮೇಲೆ ಬಂತು. ವಾಯಿದೆಯ ಆ ಕೆಲವು ದಿನ ದಲಾಲನ ಕೈಯಲ್ಲಿ ಪುಕ್ಕಟೆ ಕೋಟಿಗಳು. ಹಳೆಯ ಸವದಾ ಮುಗಿಯುವ ಹೊತ್ತಿಗೆ ಹೊಸ ಸವದಾದ ಚೆಕ್ಕು ಬರುತ್ತಿತ್ತು.

ಆ ಹಣ ಎಸಿಸಿ ಸಿಮೆಂಟಿನಂಥ ಷೇರುಗಳಿಗೆ ಹೋಯಿತು. ಕೆಲವು ನೂರು ರೂಪಾಯಿಯ ಷೇರು ಹತ್ತು ಸಾವಿರದ ಹತ್ತಿರ ಬಂತು. ಕಾರ್ಖಾನೆಯನ್ನು ಇಂದು ಹೊಸದಾಗಿ ಕಟ್ಟಲು ತಗಲುವ ಖರ್ಚಿನ ಲೆಕ್ಕದಲ್ಲಿ ಷೇರಿನ ಬೆಲೆ ಕಟ್ಟಬೇಕು ಎಂಬ ಸಿದ್ಧಾಂತವನ್ನೂ ಮೆಹ್ತಾ ಹರಡಿದ್ದ. ದರದ ಸುಳ್ಳಿಗೆ ಸಿದ್ಧಾಂತವೂ ಬೇಕಾಗುತ್ತದೆ! 1992ರ ಏಪ್ರಿಲಿನಲ್ಲಿ ಸೆನ್ಸೆಕ್ಸ್ 4,467 ಮುಟ್ಟಿತು. ಅದೇ ತಿಂಗಳು ಪತ್ರಕರ್ತೆ ಸುಚೇತಾ ದಲಾಲ್ ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಬಿದ್ದ ಕೊರತೆಯನ್ನು ಹೊರಗೆಳೆದರು. ರಿಸರ್ವ್ ಬ್ಯಾಂಕಿನ ಜಾನಕಿರಾಮನ್ ಸಮಿತಿ ಕೊನೆಗೆ ಲೆಕ್ಕ ಹಾಕಿದ ಮೊತ್ತ 4,024 ಕೋಟಿ ರೂಪಾಯಿ. ಬ್ಯಾಂಕ್ ಆಫ್ ಕರಾಡ್ ಮತ್ತು ಮುಂಬಯಿಯ ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕು ಖಾಲಿ ರಸೀದಿಗಳನ್ನು ಕೊಟ್ಟಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಮಗಳು ಕಂಪನಿ ಕ್ಯಾನ್‌ಫಿನಾದ ಹೆಸರೂ ಆ ತನಿಖೆಯಲ್ಲಿ ಬಂತು. ಹಗರಣ ಮುಂಬಯಿಯದು ಎಂದು ಕನ್ನಡಿಗರು ಕೈತೊಳೆದುಕೊಳ್ಳುವ ಹಾಗಿಲ್ಲ.

ಇಲ್ಲಿ ಚೆಕ್ಕಿನ ಮೋಸ ಮತ್ತು ದರದ ಆಟ ಒಂದಕ್ಕೊಂದು ಹೆಗಲು ಕೊಟ್ಟವು. ತಿರುಗಿಸಿದ ಚೆಕ್ಕಿಲ್ಲದೆ ದರ ಏರುತ್ತಿರಲಿಲ್ಲ. ಏರಿದ ದರವಿಲ್ಲದೆ ಚೆಕ್ಕಿನ ತೂತು ಮುಚ್ಚುತ್ತಿರಲಿಲ್ಲ. 2001ರಲ್ಲಿ ಷೇರು ದಲಾಲ ಕೇತನ್ ಪಾರೇಖ್ ಪ್ರಕರಣದಲ್ಲಿ ಇದೇ ಯಂತ್ರ ಇನ್ನೂ ಬೆತ್ತಲಾಗಿ ಕಂಡಿತು. ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಬರೆದುಕೊಟ್ಟ ಪೇ ಆರ್ಡರುಗಳನ್ನು ಬ್ಯಾಂಕ್ ಆಫ್ ಇಂಡಿಯಾ ನಂಬಿ ಹಣ ಕೊಟ್ಟಿತು. 137 ಕೋಟಿ ರೂಪಾಯಿಯ ಪೇ ಆರ್ಡರುಗಳು ವಾಪಸು ಬಂದವು. ಪೇ ಆರ್ಡರ್ ಎಂದರೆ ಬ್ಯಾಂಕು ತಾನೇ ಕೊಡುವ ಮಾತು. ಅದೇ ಬೌನ್ಸ್ ಆದ ಮೇಲೆ ಉಳಿದದ್ದೇನು?

ಸುಳ್ಳಿನ ನಾಲ್ಕು ದರ್ಜೆ

ಮುಂದೆ ಹೋಗುವ ಮುನ್ನ ಒಂದು ವಿಂಗಡಣೆ ಮಾಡಿಕೊಳ್ಳೋಣ. ಚರ್ಚೆ ಮಾಡುವವರು ಬಹಳ ಸಲ ಬೇರೆ ಬೇರೆ ಸುಳ್ಳುಗಳನ್ನು ಒಂದೇ ಗೋಣಿಗೆ ತುಂಬುತ್ತಾರೆ.

ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿಯದು ಮೊದಲ ದರ್ಜೆ: ಕಾಗದವೇ ಸುಳ್ಳು. ಅವನ ಖೊಟ್ಟಿ ಛಾಪಾ ಕಾಗದಗಳ ದೊಡ್ಡ ಗಿರಾಕಿಗಳು ಹಳ್ಳಿಯ ಜಮೀನು ಮಾರುವವರಲ್ಲ. ಬ್ಯಾಂಕು, ವಿಮಾ ಕಂಪನಿ, ಷೇರು ದಲಾಲಿ ಸಂಸ್ಥೆಗಳು. 2001ರಲ್ಲಿ ಸಿಕ್ಕಿಬಿದ್ದ ಅವನು 2017ರಲ್ಲಿ ಕೈದಿಯಾಗಿಯೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ. ಕರಾಡದ ರಸೀದಿ ಎರಡನೆಯ ದರ್ಜೆ: ಕಾಗದ ಅಸಲಿ, ಸಹಿ ಅಸಲಿ, ಒಳಗಿನ ಮಾತು ಸುಳ್ಳು. ಗ್ರಿಂಡ್ಲೇಸಿನ ಚೆಕ್ಕು ಮೂರನೆಯದು: ಕಾಗದ, ಸಹಿ, ಹಣ ಎಲ್ಲವೂ ನಿಜ, ಸೇರಿದ ಜಾಗ ಮಾತ್ರ ತಪ್ಪು. ನಾಲ್ಕನೆಯದು ಸಹಿ ಮೊದಲು, ಮೊತ್ತ ಆಮೇಲೆ ಎಂಬ ಕೋರಾ ಚೆಕ್ಕು. ಅದಕ್ಕೆ ಆಮೇಲೆ ಬರುತ್ತೇನೆ. ತಂತ್ರಜ್ಞಾನ ಮೊದಲ ದರ್ಜೆಯನ್ನು ಹಿಡಿಯಬಲ್ಲದು. ನೀರುಗುರುತು, ಚೆಕ್ಕಿನ ಚಿತ್ರ ಕಳಿಸುವ ವ್ಯವಸ್ಥೆ, ಚೆಕ್ಕಿನ ವಿವರವನ್ನು ಬರೆದವನಿಂದಲೇ ಖಚಿತ ಮಾಡಿಕೊಳ್ಳಲು 2021ರಿಂದ ಬಂದ ಪಾಸಿಟಿವ್ ಪೇ ಎಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ಉಳಿದ ಮೂರರ ಮುಂದೆ ಯಂತ್ರ ಕುರುಡು.

ಕಳ್ಳನೋ, ಸಂದೋ, ಬೇಲಿಯೋ

ಇದೆಲ್ಲ ಯಾಕೆ ಆಗುತ್ತದೆ ಎಂಬುದಕ್ಕೆ ಮೂರು ವಾದಗಳಿವೆ.

ಒಂದು ಮನುಷ್ಯನ ಮೇಲೆ ಕಣ್ಣಿಡುವ ವಾದ. ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಜೈಲಿನಲ್ಲಿದ್ದ ವಂಚಕರನ್ನು ಮಾತಾಡಿಸಿ 1953ರಲ್ಲಿ ಬರೆದ ಪುಸ್ತಕದಿಂದ ಇದು ಬೆಳೆಯಿತು. ಹೊರಗೆ ಹೇಳಿಕೊಳ್ಳಲಾಗದ ಹಣದ ಅಡಚಣೆ, ಕೈಗೆ ಸಿಗುವ ಅವಕಾಶ, 'ನಾಳೆ ತಿರುಗಿ ಇಟ್ಟರಾಯಿತು' ಎಂಬ ಸ್ವಂತ ಸಮಾಧಾನ ಮೂರೂ ಕೂಡಿದಾಗ ನಂಬಿಗಸ್ತನೇ ಕೈ ಹಾಕುತ್ತಾನೆ. ಸಣ್ಣ ಶಾಖೆಯ ಕ್ಯಾಷಿಯರ್, ಸಂಘದ ಗುಮಾಸ್ತ ಮಾಡುವ ಕಳ್ಳತನಗಳಿಗೆ ಇದು ಸರಿಯಾಗಿ ಕೂಡುತ್ತದೆ. ನೂರಾರು ಕೋಟಿ, ಹತ್ತಾರು ಬ್ಯಾಂಕುಗಳ ಹಗರಣಕ್ಕೆ ಸಾಲುವುದಿಲ್ಲ.

ಎರಡನೆಯದು ಸಂದಿನ ವಾದ. ತಪ್ಪು ಮನುಷ್ಯನದಲ್ಲ, ವ್ಯವಸ್ಥೆ ಬಿಟ್ಟ ಅವಧಿಯದು. 1992ರಿಂದ ಈಚಿನ ಸುಧಾರಣೆಗಳೆಲ್ಲ ಈ ವಾದದ ಮಕ್ಕಳು. ಷೇರುಪೇಟೆಯ ಕಾವಲು ಸಂಸ್ಥೆ ಸೆಬಿಗೆ ಶಾಸನದ ಬಲ ಬಂದದ್ದು ಅದೇ ವರ್ಷ. 1996ರಲ್ಲಿ ಷೇರು ಕಾಗದ ಬಿಟ್ಟು ಡಿಮ್ಯಾಟ್ ಆಗತೊಡಗಿತು. ಚುಕ್ತಾ ಮುಂದೂಡುವ ಬದ್ಲಾ ಪದ್ಧತಿ 2001ರ ಜುಲೈಯಲ್ಲಿ ನಿಂತಿತು. 2023ರ ಜನವರಿಯಿಂದ ಇವತ್ತು ಮಾರಿದ ಷೇರಿನ ಹಣ ಮರುದಿನ ಬರುತ್ತದೆ. 2025ರ ಅಕ್ಟೋಬರಿನಿಂದ ಚೆಕ್ಕು ಕೂಡ ಹಾಕಿದ ದಿನವೇ ಪಾಸಾಗುವ ವ್ಯವಸ್ಥೆ ಬಂದಿದೆ. ನನಗೆ ಈ ವಾದದ ಮೇಲೆ ಗೌರವ ಹೆಚ್ಚು, ಏಕೆಂದರೆ ಕೆಲಸ ಮಾಡಿ ತೋರಿಸಿದ್ದು ಇದೇ.

ಮೂರನೆಯದಕ್ಕೆ ಕನ್ನಡದಲ್ಲಿ ಮೊದಲೇ ಹೆಸರಿದೆ: ಬೇಲಿಯೇ ಎದ್ದು ಹೊಲ ಮೇಯುವುದು. ಅರ್ಥಶಾಸ್ತ್ರಜ್ಞರಾದ ಜಾರ್ಜ್ ಆಕರ್ಲಾಫ್ ಮತ್ತು ಪಾಲ್ ರೋಮರ್ 1993ರಲ್ಲಿ ಇದಕ್ಕೆ ಲೆಕ್ಕ ಬರೆದರು. ಮುಳುಗಿದರೆ ನಷ್ಟ ಸರ್ಕಾರದ್ದು ಅಥವಾ ಠೇವಣಿದಾರರದ್ದು ಎಂದು ಗೊತ್ತಿರುವ ಮಾಲೀಕನಿಗೆ ತನ್ನ ಸಂಸ್ಥೆಯನ್ನು ಉಳಿಸುವುದಕ್ಕಿಂತ ಲೂಟಿ ಮಾಡುವುದೇ ಲಾಭ. ಸಹಕಾರಿ ಬ್ಯಾಂಕುಗಳ ಮೇಲೆ ಈ ಬೆಳಕು ಬಿಟ್ಟು ನೋಡಿ. 2002ರಲ್ಲಿ ನಾಗಪುರ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಸರ್ಕಾರಿ ಸಾಲಪತ್ರ ಕೊಳ್ಳಲೆಂದು ಹೋಂ ಟ್ರೇಡ್ ಮತ್ತಿತರ ದಲಾಲಿ ಕಂಪನಿಗಳಿಗೆ ಕೊಟ್ಟ ಹಣಕ್ಕೆ ಸಾಲಪತ್ರಗಳು ಬರಲೇ ಇಲ್ಲ. ಕರಾಡದ ಪಾಠ ಹತ್ತೇ ವರ್ಷದಲ್ಲಿ ಮರೆತುಹೋಗಿತ್ತು. ಬ್ಯಾಂಕಿನ ಅಂದಿನ ಅಧ್ಯಕ್ಷ, ಮುಂದೆ ಮಂತ್ರಿಯಾದ ಸುನೀಲ್ ಕೇದಾರ್ ಅವರಿಗೆ ಶಿಕ್ಷೆಯಾದದ್ದು 2023ರ ಡಿಸೆಂಬರಿನಲ್ಲಿ, 21 ವರ್ಷದ ಮೇಲೆ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಊರುಗೋಲು ಹಿಡಿದೇ ನಮ್ಮ ಸೀಮೆ ಎದ್ದು ನಿಂತದ್ದು. ಆದ್ದರಿಂದ ಈ ಮೂರನೆಯ ವಾದವನ್ನು ಸಹಕಾರ ತತ್ವದ ಮೇಲಿನ ಆರೋಪವೆಂದು ಓದಬಾರದು. ಪಕ್ಕದ ಇಚಲಕರಂಜಿಯ ಒಂದು ಸಹಕಾರಿ ಬ್ಯಾಂಕಿನ ಪರವಾನಗಿಯನ್ನು 2023ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ರದ್ದು ಮಾಡಿದಾಗ ಕೊಟ್ಟ ಕಾರಣ ಬಂಡವಾಳದ ಕೊರತೆ ಮತ್ತು ಗಳಿಕೆಯ ದಾರಿ ಇಲ್ಲದಿರುವುದು. ಮುಳುಗಿದ್ದೆಲ್ಲ ಕಳ್ಳತನವಲ್ಲ. ಸರ್ಕಾರದ ಬೇಲಿಯೂ ಮೇಯಬಲ್ಲದು: 2024ರಲ್ಲಿ ಬೆಂಗಳೂರಿನ ವಾಲ್ಮೀಕಿ ಅಭಿವೃದ್ಧಿ ನಿಗಮದ ಬ್ಯಾಂಕ್ ಖಾತೆಯಿಂದ ಕೋಟ್ಯಂತರ ರೂಪಾಯಿ ಹೈದರಾಬಾದಿನ ಸಹಕಾರ ಸಂಘವೊಂದರ ಖಾತೆಗಳಿಗೆ ಹರಿದ ಪ್ರಕರಣದಲ್ಲಿ ಮಂತ್ರಿಯೊಬ್ಬರು ರಾಜೀನಾಮೆ ಕೊಡಬೇಕಾಯಿತು.

ನಿಪ್ಪಾಣಿಯ ಪ್ರಶ್ನೆ

ಈ ಮೂರೂ ವಾದಗಳು ಮೋಸಗಾರನನ್ನು ಹುಡುಕುತ್ತವೆ. ಯಾರೂ ಕಾನೂನು ಮುರಿಯದೆಯೇ ದರ ಬಿದ್ದರೆ?

1981ರ ಮಾರ್ಚ್–ಏಪ್ರಿಲಿನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲೇ ಠಿಕಾಣಿ ಹೂಡಿದರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಜೀವ ತೆತ್ತರು. ಅವರ ದೂರು ಇಷ್ಟು: ಬೀಡಿ ತಂಬಾಕಿನ ದರ ಹೇಳುವವನು ವ್ಯಾಪಾರಿ, ದರ್ಜೆ ಕಟ್ಟುವವನು ವ್ಯಾಪಾರಿ, ತೂಕ ಮಾಡುವವನು ವ್ಯಾಪಾರಿ, ದುಡ್ಡು ಯಾವಾಗ ಕೊಡಬೇಕೆಂದು ಹೇಳುವವನೂ ಅವನೇ. ಸವದಾ ಆದ ದಿನಕ್ಕೂ ಹಣ ಬರುವ ದಿನಕ್ಕೂ ನಡುವೆ ತಿಂಗಳುಗಳು.

ಮೈಸೂರು ಸೀಮೆಯ ವರ್ಜೀನಿಯಾ ತಂಬಾಕಿಗೆ 1984ರಿಂದ ತಂಬಾಕು ಮಂಡಳಿಯ ಹರಾಜು ಕಟ್ಟೆ ಬಂತು. ನಿಪ್ಪಾಣಿಯ ಬೀಡಿ ತಂಬಾಕು ಆ ವ್ಯವಸ್ಥೆಯ ಹೊರಗೇ ಉಳಿಯಿತು. ಹರಾಜು ಬಂದರೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಕಟ್ಟೆಯಲ್ಲಿ ಕೂಗುವವರು ಬೆರಳೆಣಿಕೆಯವರಾದರೆ ಏನಾಗುತ್ತದೆ ಎಂಬುದನ್ನು ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರು ಹಂಗಾಮಿಗೊಮ್ಮೆ ಹೇಳುತ್ತಾರೆ.

ಇಲ್ಲಿ ರೈತ ಚಳವಳಿಯೇ ಎರಡಾಗಿ ಒಡೆಯಿತು. ದರವನ್ನು ತುಳಿಯುವ ದೊಡ್ಡ ಕೈ ಸರ್ಕಾರದ್ದೇ, ಪೇಟೆಯನ್ನು ತೆರೆದರೆ ಆಟ ತಾನಾಗಿ ನಿಲ್ಲುತ್ತದೆ ಎಂಬುದು ಜೋಶಿಯವರ ನಿಲುವು. ವಾಯಿದೆ ಪೇಟೆಯನ್ನೂ ಅವರು ಒಪ್ಪಿದ್ದರು. ಕರ್ನಾಟಕ ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರು ಹೇಳಿದ್ದು ಇದರ ಎದುರು ದಿಕ್ಕಿನದು: ತೆರೆದ ಪೇಟೆಯಲ್ಲಿ ಆಟ ದೊಡ್ಡ ಕಂಪನಿಯ ಕೈಗೆ ಹೋಗುತ್ತದೆ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಯ ಕಾಗದಪತ್ರಗಳು ಬೀದಿಗೆ ಬಿದ್ದದ್ದು ಆ ನಿಲುವಿನಿಂದ. ಷೇರುಪೇಟೆಯ ಹಗರಣ ಬಿಚ್ಚಿಕೊಂಡ ವರ್ಷವೂ ಅದೇ.

ಕಾಗವಾಡ, ಅಥಣಿಗೆ ಹತ್ತಿರದ ಸಾಂಗ್ಲಿಯ ಅರಿಶಿನ ಪೇಟೆ ಈ ಜಗಳಕ್ಕೆ ಒಳ್ಳೆಯ ಪ್ರಯೋಗಶಾಲೆ. ಹರಿಪುರದ ನೆಲದೊಳಗಿನ ಪೇವುಗಳಲ್ಲಿ, ನಮ್ಮ ಮಾತಿನಲ್ಲಿ ಹಗೇವು, ಅರಿಶಿನ ತುಂಬಿಟ್ಟು ಮೇಲೆ ವಾಯಿದೆ ವ್ಯಾಪಾರ ಮಾಡುವುದು ಅಲ್ಲಿಯ ಹಳೆಯ ರೂಢಿ. ನೆಲದಡಿಯ ಸರಕಿಗಿಂತ ನೆಲದ ಮೇಲಿನ ಕಾಗದ ಹೆಚ್ಚಾದರೆ ಸಟ್ಟಾ ಎಂದು ಬೈಯುತ್ತಾರೆ. ಅದೇ ಕಾಗದ ರೈತನಿಗೆ ಮುಂದಿನ ದರದ ಸುಳಿವನ್ನೂ ಕೊಡುತ್ತದೆ. ವಾಯಿದೆ ವ್ಯಾಪಾರದಿಂದ ದರ ಏರುತ್ತದೆಯೇ ಎಂದು ನೋಡಲು ನೇಮಿಸಿದ ಅಭಿಜಿತ್ ಸೇನ್ ಸಮಿತಿ 2008ರಲ್ಲಿ ಖಚಿತವಾಗಿ ಹೌದು, ಅಲ್ಲ ಎರಡನ್ನೂ ಹೇಳಲಿಲ್ಲ. ಆದರೂ 2021ರ ಡಿಸೆಂಬರಿನಲ್ಲಿ ಏಳು ಸರಕುಗಳ ವಾಯಿದೆ ವ್ಯಾಪಾರವನ್ನು ನಿಲ್ಲಿಸಲಾಯಿತು.

ಅಳೆಯುವವನ ಕೈ

ನಿಪ್ಪಾಣಿಯ ದೂರಿನಲ್ಲಿ ಅಡಗಿದ್ದ ಒಂದು ಎಳೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅಳತೆ ಮತ್ತು ಲಾಭ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ?

2012ರಲ್ಲಿ ಲಂಡನ್ನಿನ ಲೈಬರ್ ಹಗರಣ ಹೊರಬಿತ್ತು. ಜಗತ್ತಿನ ಸಾಲಗಳಿಗೆ ಬಡ್ಡಿದರದ ಆಧಾರವಾಗಿದ್ದ ಆ ಅಂಕಿಯನ್ನು ಕೆಲವೇ ಬ್ಯಾಂಕುಗಳು ದಿನವೂ ತಾವೇ ಹೇಳುತ್ತಿದ್ದವು. ಆ ಅಂಕಿಯ ಮೇಲೆ ಅವುಗಳದೇ ಲಾಭ ನಿಂತಿತ್ತು. ಬಾರ್ಕ್ಲೇಸ್ ಮೊದಲು ದಂಡ ಕಟ್ಟಿತು. ಕೊನೆಗೆ ಲೈಬರನ್ನೇ ಕೈಬಿಡಬೇಕಾಯಿತು.

ಈಗ ಕಬ್ಬಿಗೆ ಬನ್ನಿ. ಕೇಂದ್ರ ಸರ್ಕಾರ ಕಟ್ಟುವ ಎಫ್‌ಆರ್‌ಪಿ ದರ ಸಕ್ಕರೆ ಇಳುವರಿಗೆ, ನಾವು ರಿಕವರಿ ಎನ್ನುವುದಕ್ಕೆ, ಕಟ್ಟುಬಿದ್ದಿದೆ. 2025–26ರ ಹಂಗಾಮಿಗೆ ಶೇ. 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಹೆಚ್ಚಿದರೆ ಹೆಚ್ಚು. ರಿಕವರಿಯ ಲೆಕ್ಕ ಹುಟ್ಟುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ, ತೂಕ ಕಾರ್ಖಾನೆಯ ಕಾಟಾದಲ್ಲಿ. ಎಲ್ಲ ಕಾರ್ಖಾನೆಗಳೂ ಮೋಸ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ, ಹೇಳಲೂ ಬಾರದು. ಲೈಬರಿನಲ್ಲೂ ಎಲ್ಲ ಬ್ಯಾಂಕುಗಳು ಎಲ್ಲ ದಿನ ಸುಳ್ಳು ಹೇಳಿರಲಿಲ್ಲ. ಆದರೆ ಹಣ ಕೊಡಬೇಕಾದವನೇ ಅಳೆಯುವ ಕಡೆ ಪ್ರಾಮಾಣಿಕನ ಅಂಕಿಯನ್ನೂ ಯಾರೂ ನಂಬುವುದಿಲ್ಲ. ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಾಗ, ಸರ್ಕಾರ 3,300ಕ್ಕೆ ತೀರ್ಮಾನ ಹೇಳಿದಾಗ, ಚರ್ಚೆ ನಡೆದದ್ದು ದರದ ಬಗ್ಗೆ. ಬೀದಿಯ ಮಾತೆಲ್ಲ ಕಾಟಾ ಮತ್ತು ರಿಕವರಿಯ ಬಗ್ಗೆ. ಷೇರುಪೇಟೆಯ ಭಾಷೆಯಲ್ಲಿ ಇದು ಆಧಾರದರದ ತಗಾದೆ. ಆದರೆ ಕಬ್ಬಿನ ಕಾಟಾಕ್ಕೆ ಸೆಬಿ ಇಲ್ಲ.

ಕೋರಾ ಚೆಕ್ಕು

ಹಳ್ಳಿಯಲ್ಲಿ ಚೆಕ್ಕು ಎಂಬುದು ಹಣ ಕೊಡುವ ಸಾಧನವಾಗಿ ಬಳಕೆಯಾಗುವುದಕ್ಕಿಂತ ಒತ್ತೆಯಾಗಿ ಬಳಕೆಯಾಗುವುದೇ ಹೆಚ್ಚು. ಕೈಗಡ ಕೊಡುವವರು, ಪತ್ತಿನ ಸಂಘಗಳು, ಕಟಾವು ಗ್ಯಾಂಗಿಗೆ ಮುಂಗಡ ಕೊಡುವವರು ಸಹಿ ಹಾಕಿದ ಕೋರಾ ಚೆಕ್ಕು ಇಟ್ಟುಕೊಳ್ಳುತ್ತಾರೆ. ಸಾಲ ತೀರಿದರೂ ಚೆಕ್ಕು ತಿರುಗಿ ಬಾರದಿದ್ದರೆ ಜಗಳ ಶುರು.

ಚೆಕ್ಕಿನ ಮೇಲೆ ಜನರ ನಂಬಿಕೆ ಬೆಳೆಯಲಿ ಎಂದು 1989ರ ಏಪ್ರಿಲ್ 1ರಿಂದ 138ನೆಯ ಕಲಮು ಬಂತು. ಬೌನ್ಸ್ ಆದರೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟು ದಂಡ. ಈ ಕಲಮಿನ ಅರ್ಥದ ಮೇಲಿನ ಎರಡು ದೊಡ್ಡ ತೀರ್ಪುಗಳು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣಗಳಲ್ಲಿ ಬಂದವು ಎಂಬುದು ಕುತೂಹಲದ ಸಂಗತಿ. 2008ರ ಕೃಷ್ಣ ಜನಾರ್ದನ ಭಟ್ ಪ್ರಕರಣದಲ್ಲಿ ಕೋರ್ಟು, ಚೆಕ್ಕು ಇದ್ದ ಮಾತ್ರಕ್ಕೆ ಸಾಲ ಇತ್ತು ಎಂದು ಊಹಿಸಲಾಗದು ಎಂದಿತು. 2010ರ ರಂಗಪ್ಪ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತಿದ್ದಿ, ಸಾಲ ಇತ್ತೆಂದೇ ಊಹಿಸಬೇಕು, ಇರಲಿಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವನದು ಎಂದಿತು. 2019ರ ಬೀರ್ ಸಿಂಗ್ ತೀರ್ಪು ಇನ್ನೂ ಮುಂದೆ ಹೋಗಿ, ಮನಸ್ಸೊಪ್ಪಿ ಕೊಟ್ಟ ಕೋರಾ ಚೆಕ್ಕಿಗೂ ಈ ಊಹೆ ಅನ್ವಯ ಎಂದಿತು.

ವ್ಯಾಪಾರಿಗೆ ಇದು ನ್ಯಾಯ. ಕೊಟ್ಟ ಮಾತಿಗೆ ಬೆಲೆ ಇಲ್ಲದಿದ್ದರೆ ವ್ಯವಹಾರ ನಡೆಯುವುದು ಹೇಗೆ? ಆದರೆ ಅಕ್ಷರ ಬಾರದೆ, ಗರಜು ಬಿದ್ದು ಸಹಿ ಹಾಕಿದವನ ಮಟ್ಟಿಗೆ 'ಮನಸ್ಸೊಪ್ಪಿ' ಎಂಬ ಮಾತಿನ ತೂಕ ಎಷ್ಟು? 2019ರ ಕೊನೆಗೆ ದೇಶದ ಕೋರ್ಟುಗಳಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಚೆಕ್ ಬೌನ್ಸಿನವು ಎಂದು ಸುಪ್ರೀಂ ಕೋರ್ಟೇ ಲೆಕ್ಕ ಕೊಟ್ಟಿತ್ತು. ಸಾಲ ವಸೂಲಿಯ ಕೆಲಸವನ್ನು ಕ್ರಿಮಿನಲ್ ಕೋರ್ಟಿನ ಹೆಗಲಿಗೆ ಹೇರಿದ್ದೇವೆ.

ಇತ್ಯರ್ಥವಾಗದೆ ಉಳಿದದ್ದು

ಜಾಣ ವ್ಯಾಪಾರ ಎಲ್ಲಿ ಮುಗಿದು ದರದ ಆಟ ಎಲ್ಲಿ ಶುರುವಾಗುತ್ತದೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಸುಳ್ಳು ಸುದ್ದಿ ಹಬ್ಬಿಸುವುದು ಒಂದು ಬಗೆ, ಕಂಪನಿಯ ಒಳಗಿಂದ ಕೈ ಆಡಿಸುವುದು ಇನ್ನೊಂದು, ಬರೀ ಕೊಂಡು ಮಾರುವುದರಿಂದಲೇ ದರ ಅಲುಗಿಸುವುದು ಮೂರನೆಯದು ಎಂದು ಫ್ರಾಂಕ್ಲಿನ್ ಆಲೆನ್ ಮತ್ತು ಡಗ್ಲಸ್ ಗೇಲ್ ವಿಂಗಡಿಸಿದ್ದು 1992ರಲ್ಲೇ. ಮೂರನೆಯದನ್ನು ಸಾಬೀತು ಮಾಡುವುದು ಎಲ್ಲಕ್ಕಿಂತ ಕಷ್ಟ. 2025ರ ಜುಲೈಯಲ್ಲಿ ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಕಂಪನಿಯ 4,843 ಕೋಟಿ ರೂಪಾಯಿಯನ್ನು ತಡೆಹಿಡಿದಾಗ ಎದ್ದದ್ದು ಇದೇ ತಕರಾರು; ತಾನು ಮಾಡಿದ್ದು ದರಗಳ ಅಂತರದಲ್ಲಿ ಲಾಭ ಮಾಡುವ ಸಾಮಾನ್ಯ ವ್ಯಾಪಾರ ಎಂದು ಕಂಪನಿ ವಾದಿಸಿತು. ವಾಯಿದೆ ಮತ್ತು ಆಪ್ಷನ್ ಪೇಟೆಯಲ್ಲಿ ಆಡಿದ ಸಣ್ಣ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷದಲ್ಲಿ ಕಳೆದುಕೊಂಡರು ಎಂದು ಸೆಬಿಯ ಅಧ್ಯಯನವೇ 2024ರಲ್ಲಿ ಹೇಳಿದೆ. ಆ ಆಟ ನಡೆದ ಫೋನುಗಳಲ್ಲಿ ಕೆಲವು ಚಿಕ್ಕೋಡಿ, ರಾಯಬಾಗದ ಹುಡುಗರ ಕಿಸೆಯಲ್ಲೂ ಇದ್ದಿರಬೇಕು.

ಸಹಕಾರಿ ಬ್ಯಾಂಕುಗಳ ಮೇಲೆ 2020ರ ತಿದ್ದುಪಡಿ ರಿಸರ್ವ್ ಬ್ಯಾಂಕಿನ ಹಿಡಿತವನ್ನು ಬಿಗಿ ಮಾಡಿದೆ, ಠೇವಣಿ ವಿಮೆ 5 ಲಕ್ಷಕ್ಕೆ ಏರಿದೆ. ಪತ್ತಿನ ಸಂಘಗಳಿಗೆ ಮಾತ್ರ ಎರಡೂ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕಿನಷ್ಟೇ ದೊಡ್ಡ ಅಕ್ಷರ, ಒಳಗೆ ಪಿಗ್ಮಿ ಹಣ, ಹಿಂದೆ ವಿಮೆ ಇಲ್ಲ. ಓದುಗರು ದುಡ್ಡು ಇಡುವ ಮುನ್ನ ಇದೊಂದನ್ನು ಕೇಳಿ ತಿಳಿದುಕೊಳ್ಳಲಿ.

ಸಂದಿನ ವಾದದ ಕಡೆಗೆ ನನ್ನ ತಕ್ಕಡಿ ವಾಲುತ್ತದೆ ಎಂದೆ. ಹಾಗಾದರೆ ಕೊನೆಯ ಪ್ರಶ್ನೆ ನನಗೇ ತಿರುಗುತ್ತದೆ: ವಾಯಿದೆಯ ಸಂದನ್ನು ಮುಚ್ಚಿದ್ದು ಯಾರಿಗಾಗಿ? ಷೇರು ಮಾರಿದವನಿಗೆ ಮರುದಿನ ಹಣ. ಕಬ್ಬು ಕೊಟ್ಟವನಿಗೆ 1966ರ ಕಬ್ಬು ನಿಯಂತ್ರಣ ಆದೇಶ ಬರೆದ ಗಡುವು 14 ದಿನ, ತಪ್ಪಿದರೆ ಶೇ. 15 ಬಡ್ಡಿ, ಅದೂ ಬೇರೆ ಲಿಖಿತ ಕರಾರು ಇಲ್ಲದಿದ್ದರೆ.